ಬೋಸ್ನಿಯಾದ ಒಲೆಗೆ ಬೆಟಗೇರಿಯ ನೀರು

ಬೆಟಗೇರಿ

ನಾನು ಯುಗೊಸ್ಲಾವಿಯಾಕ್ಕೆ ಹೋದದ್ದು ಒಂದು ವಿಚಾರಗೋಷ್ಠಿಗೆ. ಅಲ್ಲಿ ಏನು ವಿಚಾರ ನಡೆಯಿತೆಂದು ಈಗ ಕೇಳಿದರೆ ಹೇಳಲಾರೆ. ನೆನಪಿರುವುದು ಒಂದು ಒಲೆ. ಅದರ ಬಗ್ಗೆ ನೆನಪಿರುವುದೆಲ್ಲ ನಡೆದದ್ದೇ ಎಂದು ಪ್ರಮಾಣ ಮಾಡಲೂ ನನಗೆ ಧೈರ್ಯವಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು ಮೊದಲು ಕಳೆದುಕೊಳ್ಳುವುದು ತನ್ನ ನೆನಪಿನ ಮೇಲಿನ ನಂಬಿಕೆಯನ್ನು.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊರಡುವ ಮುಂಚೆ ಲಕ್ಷ್ಮೇಶ್ವರದಿಂದ ಮಾಬಕ್ಕ ಬಂದಳು. ಅವಳು ನನ್ನ ಬಾಲ್ಯದ ಗೆಳೆಯ ಹುಸೇನನ ಅಕ್ಕ. ಬೆಟಗೇರಿಯಲ್ಲಿ ನಮ್ಮ ಮನೆ, ಅವರ ಮನೆ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಅವರ ತಂದೆ ಇಮಾಮಸಾಬ ಕಾಕಾ ಎಣ್ಣೆಯ ಡ್ರಮ್ಮುಗಳನ್ನು ಕತ್ತರಿಸಿ ಹೊಟ್ಟಿನ ಒಲೆ ಮಾಡುತ್ತಿದ್ದರು. ಗದಗಿನ ಖಾನಾವಳಿಗಳಿಂದ ಮುಂಡರಗಿಯ ಚಹಾದಂಗಡಿಗಳವರೆಗೆ ಆ ಒಲೆಗಳು ಉರಿಯುತ್ತಿದ್ದವು. ಡ್ರಮ್ಮಿನ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಶೇಂಗಾದ ಹೊಟ್ಟು ತುಂಬಿ ಗಟ್ಟಿಯಾಗಿ ಜಡಿಯಬೇಕು. ಕೋಲು ಎಳೆದರೆ ನಡುವೆ ಬಾವಿಯಂಥ ತೂತು ಉಳಿಯುತ್ತದೆ. ಕೆಳಗಿನ ಕಂಡಿಯಲ್ಲಿ ಕಿಡಿ ಇಟ್ಟರೆ ಅದು ಒಳಗಿನಿಂದ ಹೊರಗೆ ನಿಧಾನವಾಗಿ ಉರಿಯುತ್ತ ಹೋಗುತ್ತದೆ.

ಹುಸೇನ ಡಿಪ್ಲೊಮಾ ಮುಗಿಸಿ, ವಿದ್ಯಾರ್ಥಿವೇತನ ಸಿಕ್ಕಿ ಯುಗೊಸ್ಲಾವಿಯಾಕ್ಕೆ ಹೋದವನು ಅಲ್ಲಿಯೇ ಬೋಸ್ನಿಯಾದ ಹುಡುಗಿಯನ್ನು ಮದುವೆಯಾಗಿ ಅತ್ತೆಯ ಮನೆಯಲ್ಲಿ ನಿಂತುಬಿಟ್ಟಿದ್ದ. ಇಮಾಮಸಾಬ ಕಾಕಾ ತೀರಿಕೊಂಡಾಗಲೂ ಬರಲಾಗಿರಲಿಲ್ಲ.

ಮಾಬಕ್ಕ ಖಡಕ್ ರೊಟ್ಟಿಯ ಗಂಟನ್ನು ನನ್ನ ಮುಂದಿಟ್ಟಳು. "ಶಂಕರಾ, ನೀ ಅಲ್ಲಿ ಕ್ವಾಟಿ ನೋಡು, ಗುಡ್ಡಾ ನೋಡು, ಏನರ ನೋಡು. ನನಗ ಒಂದ ಖಬರ ತಾ. ಮನಿ ಅಳಿಯ ಆಗಿ ಕುಂತಾನ. ಅಂವಗ ಆ ಮನ್ಯಾಗ ಕಿಮ್ಮತ್ತು ಐತೋ ಇಲ್ಲೋ?"

"ಅದನ್ನ ಹೆಂಗ ನೋಡೂದು ಅಕ್ಕಾ? ಅವನ್ನ ಕೇಳ್ಲೇನು?"

"ಕೇಳಿದ್ರ ಐತಿ ಅಂತಾನ. ನೀ ಕಲತಾಂವ, ಕಣ್ಣಿಲೆ ನೋಡು."

ಬೆಲ್‌ಗ್ರೇಡ್

ವಿಮಾನ ನಿಲ್ದಾಣದ ಸುಂಕದವನು ರೊಟ್ಟಿಯ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ, ಅದರ ಸದ್ದು ಕೇಳಿದ. ತಿನ್ನುವ ವಸ್ತು ಎಂದು ತೋರಿಸಲು ನಾನು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ. ಅವನೂ ಒಂದು ಚೂರು ಹಾಕಿಕೊಂಡ. ಬಹಳ ಹೊತ್ತು ಅಗಿದು, ಗಂಟನ್ನು ತಾನೇ ಕಟ್ಟಿಕೊಟ್ಟ. ಗುರೆಳ್ಳಿನ ಚಟ್ನಿಯ ಡಬ್ಬಿಯ ಮುಚ್ಚಳವನ್ನು ಮಾತ್ರ ತೆರೆದವನು ತಕ್ಷಣ ಮುಚ್ಚಿದ.

ಗೋಷ್ಠಿಯಲ್ಲಿ ಒಂದೂವರೆ ದಿನ ಕುಳಿತೆ. ನನಗೆ ಎಲ್ಲಿಯೂ ಹೆಚ್ಚು ಹೊತ್ತು ಕುಳಿತು ಗೊತ್ತಿಲ್ಲ. ನನ್ನ ಪ್ರಬಂಧ ಓದಿದ ಮಧ್ಯಾಹ್ನವೇ ಸಾರಾಯೆವೋ ರೈಲು ಹತ್ತಿದೆ.

ರೈಲಿನಲ್ಲಿ ಎದುರು ಕುಳಿತ ಮುದುಕ ಹುರಿದ ಮಾಂಸವನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ನನಗೂ ಕೊಡಬಂದ. ನಾನು ತಿನ್ನುವುದಿಲ್ಲವೆಂದು ಕೈ ಆಡಿಸಿದೆ. ಅವನು ನನಗೆ ಹೊಟ್ಟೆನೋವೆಂದು ತಿಳಿದು, ಚೀಲದಿಂದ ಒಂದು ಸಣ್ಣ ಶೀಸೆ ತೆಗೆದು ಔಷಧದಂತೆ ಮುಚ್ಚಳದಲ್ಲಿ ಸುರಿದುಕೊಟ್ಟ. ಅದು ಪ್ಲಮ್ ಹಣ್ಣಿನ ಸಾರಾಯಿ. ಮಾಂಸ ಒಲ್ಲೆನೆಂದವನು ಅದನ್ನು ಒಲ್ಲೆನೆನ್ನಲಾಗದೆ ಕುಡಿದೆ. ಆಮೇಲೆ ದಾರಿಯುದ್ದಕ್ಕೂ ಗುಡ್ಡಗಳು ಬಂದವು. ಡೋಣಿ ಊರಿನ ಹತ್ತಿರ ನಿಂತು ನೋಡಿದರೆ ನಮ್ಮ ಕಪ್ಪತಗುಡ್ಡ ಮೈಮೇಲೆ ಏನೂ ಹೊದೆಯದೆ ಗಾಳಿಗೆ ಮಲಗಿದಂತೆ ಕಾಣುತ್ತದೆ. ಇವು ತಲೆಯಿಂದ ಕಾಲಿನವರೆಗೆ ಕಾಡಿನ ಕಪ್ಪು ಕಂಬಳಿ ಹೊದ್ದಿದ್ದವು. ಎಲ್ಲವೂ ಒದ್ದೆ. ಆ ಒದ್ದೆತನವನ್ನು ನಾನು ಆಗಲೇ ಗಮನಿಸಬೇಕಿತ್ತು.

ಗರಗಸದ ಊರು

ಹುಸೇನನ ಊರು ನದಿಯ ದಂಡೆಯಲ್ಲಿತ್ತು. ಊರಿಗೆಲ್ಲ ಒಂದೇ ಕೆಲಸ, ಮರ ಕೊಯ್ಯುವ ಕಾರ್ಖಾನೆ. ಹುಸೇನ ಅಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಬಸ್ ನಿಲ್ದಾಣದಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿ ನಿಂತಿದ್ದವನನ್ನು ನಾನು ಗುರುತಿಸಲಿಲ್ಲ.

"ಲೇ ಶಂಕ್ರ್ಯಾ, ಹಾದು ಹೋಗ್ತೀಯಲ್ಲೋ. ಕಣ್ಣ ಎಲ್ಲಿ ಇಟ್ಟಿ?"

ಅಷ್ಟು ವರ್ಷ ಮಾತನಾಡಲು ಯಾರೂ ಇಲ್ಲದಿದ್ದರೂ ಅವನ ಕನ್ನಡ ಸವೆದಿರಲಿಲ್ಲ. ನಾನು ಅದನ್ನೇ ಹೇಳಿದೆ. "ಬಳಸಿದ್ರ ಸವಿತೈತಿ, ಇಟ್ಟಿದ್ದು ಸವಿತೈತೇನು?" ಎಂದ.

ಮನೆಯ ಬಾಗಿಲಲ್ಲಿ ಚಪ್ಪಲಿ ಕಳೆಯುವ ಪದ್ಧತಿ ಅವರಲ್ಲೂ ಇದೆ. ನನಗೆ ಸಂತೋಷವಾಯಿತು, ಬೂಟು ಬಿಚ್ಚುವವರೆಗೆ. ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದಿತ್ತು. ಹುಸೇನನ ಹೆಂಡತಿ ಎಮಿನಾ ನೋಡಿಯೂ ನೋಡದಂತೆ ಉಣ್ಣೆಯ ಮೆಟ್ಟು ಮುಂದಿಟ್ಟು, "ಬರ್ರಿ, ಕುಂಡ್ರಿ" ಎಂದಳು. ಅವಳಿಗೆ ಬರುವ ಕನ್ನಡ ಅಷ್ಟೇ, ಜೊತೆಗೆ "ಉಣ್ರಿ". ಮೂರು ಮಾತಿನಲ್ಲಿ ಅತಿಥಿಯನ್ನು ನೋಡಿಕೊಳ್ಳಬಹುದೆಂದು ಅಲ್ಲಿ ತಿಳಿಯಿತು. ಅವರ ಮಗಳು ಲೈಲಾಗೆ ನಾಲ್ಕೈದು ವರ್ಷ. ಎಮಿನಾಳ ತಾಯಿಯನ್ನು ಎಲ್ಲರೂ ನೆನಾ ಎಂದು ಕರೆಯುತ್ತಿದ್ದರು, ಅವರ ಮಾತಿನಲ್ಲಿ ಅಜ್ಜಿ. ಬಿಳಿಯ ವಸ್ತ್ರ ತಲೆಗೆ ಕಟ್ಟಿ, ತಾಮ್ರದ ಹಿಡಿಕೆಪಾತ್ರೆಯಲ್ಲಿ ಕಾಫಿ ಕಾಯಿಸಿ ಎಲ್ಲರಿಗೂ ತಾನೇ ಸುರಿಯುತ್ತಿದ್ದಳು. ಸಕ್ಕರೆಯನ್ನು ಕಾಫಿಗೆ ಹಾಕುವುದಿಲ್ಲ, ತುಂಡನ್ನು ಅದ್ದಿ ಕಚ್ಚುತ್ತಾರೆ. ನಾನು ಬೆರೆಸಿ ಕುಡಿದದ್ದನ್ನು ನೋಡಿ ನೆನಾ ಏನೋ ಅಂದಳು.

"ಏನಂತ?"

"ನಿನ್ನ ಗೆಳ್ಯಾ ಹಸುಗೂಸಿನಂಗ ಕುಡಿತಾನ ಅಂತ."

ಅವಳ ಮಾತೆಲ್ಲ ನನಗೆ ಹುಸೇನನ ಬಾಯಿಂದ ಬೆಟಗೇರಿ ಕನ್ನಡದಲ್ಲಿ ಬರುತ್ತಿತ್ತು. ಅದರಲ್ಲಿ ಅವಳದೆಷ್ಟು, ಇವನದೆಷ್ಟು ಎಂಬ ಅನುಮಾನ ಕೊನೆಯವರೆಗೂ ಹೋಗಲಿಲ್ಲ.

ಊಟವಾದ ಮೇಲೆ ಹುಸೇನ ನನ್ನನ್ನು ಮನೆಯಡಿಯ ಕೆಳಮನೆಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ಗೋಣಿತಟ್ಟು ಹೊದಿಸಿದ್ದನ್ನು ತೆಗೆದ.

ನಾನು ನಕ್ಕುಬಿಟ್ಟೆ. ಹೊರಗೊಂದು ಡ್ರಮ್ಮು, ಒಳಗೊಂದು ಡ್ರಮ್ಮು, ಕೆಳಗೆ ಕಂಡಿ, ಬೂದಿಯ ಖಾನೆ, ಪಕ್ಕದಲ್ಲಿ ನೆಟ್ಟಗೆ ನಿಂತ ಕೋಲು. ಆ ಹೊರಗಿನ ಡ್ರಮ್ಮು, ಹೊಗೆ ಹೋಗಲು ಒಂದು ಕೊಳವೆ ಇದ್ದದ್ದು ಬಿಟ್ಟರೆ ಇಮಾಮಸಾಬ ಕಾಕಾನ ಒಲೆಯೇ. ತುಕ್ಕು ಹಿಡಿದು ತಳ ಜಾಲರಿಯಾಗಿತ್ತು.

"ಇದನ್ನ ಯಾರು ಮಾಡಿದ್ರು?"

"ನಮ್ಮಪ್ಪನ ಮಾಡ್ಯಾನೇನು ಅಂತ ನನಗೂ ಅನಿಸಿತ್ತು. ಇಲ್ಲಿ ಗರಗಸದ ಊರಾಗ ಎಲ್ಲಾರ ಮನ್ಯಾಗೂ ಇರ್ತಿತ್ತಂತ. ಕಟಗಿ ಹೊಟ್ಟು ಪುಕ್ಕಟ ಅಲ್ಲ?"

ಆಮೇಲೆ ಅವನು ಹೇಳಿದ್ದು ಇದು. ಮದುವೆಯಾದ ಮೊದಲ ಚಳಿಗಾಲದಲ್ಲಿ, ಈ ಕೆಲಸ ತನ್ನ ರಕ್ತದಲ್ಲಿದೆ ಎಂದು ಒಲೆ ತುಂಬಲು ಕುಳಿತ. ಅಪ್ಪ ಮಾಡುತ್ತಿದ್ದಂತೆ ಬಾಯಿತುಂಬ ನೀರು ತುಂಬಿಕೊಂಡು ಫುರ್ ಎಂದು ಹೊಟ್ಟಿಗೆ ಚಿಮುಕಿಸಿದ. ನೆನಾ ಬಾಗಿಲಲ್ಲಿ ನಿಂತು ನೋಡಿದಳು. ಅಳಿಯ ಒಲೆಗೆ ಉಗುಳುತ್ತಿದ್ದಾನೆ. ಅದರ ಮೇಲೆ ಮನೆತುಂಬ ಹೊಗೆ ಎದ್ದು ನೆರೆಯವರು ಬಕೆಟ್ಟು ಹಿಡಿದು ಬಂದರು. ಅಂದಿನಿಂದ ಅವನಿಗೆ ಒಲೆ ಮುಟ್ಟಲು ಬಿಟ್ಟಿರಲಿಲ್ಲ. ನೆನಾಳಿಗೆ ಮಂಡಿನೋವು ಬಂದ ಮೇಲೆ ತುಂಬುವವರಿಲ್ಲದೆ ಒಲೆ ಮೂಲೆ ಸೇರಿತು.

"ಬರೋ ಬುಧವಾರ ಗುಜರಿಯವ ಬರ್ತಾನ. ಇದನ್ನ ಹಾಕಿ ಎಣ್ಣಿ ಒಲಿ ತರೂದು ಅಂತ ಆಕಿ ಹೇಳ್ಯಾಳ. ಗೆಳ್ಯಾ ಬರಾಕತ್ತಾನ, ಇಬ್ರೂ ಕೂಡಿ ರಿಪೇರಿ ಮಾಡ್ತೀವಿ ಅಂತ ತಡದೀನಿ. ಅಷ್ಟೂ ಕಾರ್ಖಾನಿ ಮಷೀನು ನನ್ನ ಕೈಯಾಗ ಅದಾವು, ಶಂಕರಾ. ಮನ್ಯಾಗ ಒಂದು ಒಲಿ ನಂಬಿ ಕೊಡವಲ್ರು."

ಮಾಬಕ್ಕ ತರಲು ಹೇಳಿದ ಖಬರ ಕೆಳಮನೆಯ ಮೂಲೆಯಲ್ಲಿ ಗೋಣಿತಟ್ಟಿನಡಿ ಇತ್ತು. ಅದು ಒಳ್ಳೆಯ ಖಬರವಾಗಿರಲಿಲ್ಲ.

ಹಸಿರು ಕಾಲು

ನಾನು ಪರದೇಶಕ್ಕೆ ಹೋಗಿ ಕಂಡ ದೊಡ್ಡ ದೃಶ್ಯವೆಂದರೆ ತುಕ್ಕು. ತಂತಿಯ ಬ್ರಶ್ಶು, ಮರಳು ಕಾಗದ, ಸೀಮೆಎಣ್ಣೆಯ ಅರಿವೆ. ಹುಸೇನ ಹಳೆಯ ತಳ ಕಿತ್ತು, ಕಾರ್ಖಾನೆಯಿಂದ ತಂದ ದಪ್ಪ ತಗಡನ್ನು ಉರುಟಾಗಿ ಕತ್ತರಿಸಿ ಕೂರಿಸಿದ. ಸಡಿಲಾದ ಜೋಡಣೆಗಳಿಗೆ ಹೊಸ ರಿವೆಟ್ಟು ಹೊಡೆದ. ಅವನು ಸುತ್ತಿಗೆ ಹಿಡಿದಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಇಮಾಮಸಾಬ ಕಾಕಾನಿಗೂ ಬರುತ್ತಿತ್ತೆಂದು ನಾನೆಂದೆ. "ಇಲ್ಲ, ಅಂವ ತುಟಿ ಕಚ್ಚತಿದ್ದ" ಎಂದ ಹುಸೇನ. ಇಬ್ಬರೂ ಅದೇ ಅಂಗಡಿಯ ಕಟ್ಟೆಯ ಮೇಲೆ ಬೆಳೆದವರು.

ಬಣ್ಣದ ಮಾತು ಬಂದಾಗ ನೆನಾ ಕೆಳಗಿಳಿದು ಬಂದಳು. ಒಲೆ ಹಸಿರು ಇರಬೇಕು. ತನ್ನ ಗಂಡ ಅದನ್ನು ಮನೆಗೆ ತಂದ ದಿನ ಹಸಿರೇ ಇತ್ತು. ನಾವು ಕೆರೆದಲ್ಲಿ ಮೇಲೆ ಬೆಳ್ಳಿಬಣ್ಣ, ಅದರ ಕೆಳಗೆ ಕಪ್ಪು, ಅದರ ಕೆಳಗೆ ಬರಿಯ ಕಬ್ಬಿಣ. ಹಸಿರು ಎಲ್ಲಿಯೂ ಇರಲಿಲ್ಲ. ನಾನು ಉತ್ಸಾಹದಿಂದ ಒಂದು ಪದರವನ್ನು ಬೆಳಕಿಗೆ ಹಿಡಿದು ತೋರಿಸಿದೆ. ನೆನಾ ಅದನ್ನೂ ನನ್ನನ್ನೂ ನೋಡಿದಳು.

"ಏನಂದ್ಲು?"

"ಹಂಗಾದ್ರ ಹಸರು ನೀವ ಕೆರದ ಒಗದೀರಿ ಅಂತಾಳ."

ಇದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಶಾಖ ತಡೆಯುವ ಹಸಿರು ಬಣ್ಣ ಊರಿನಲ್ಲಿ ಸಿಗಲಿಲ್ಲ. ರೈಲ್ವೆಯಲ್ಲಿ ಕೆಲಸ ಮಾಡುವ ನೆರೆಯವನೊಬ್ಬ ಎಂಜಿನ್ನಿನ ಕೊಳವೆಗೆ ಬಳಿಯುವ ಬೆಳ್ಳಿಬಣ್ಣ ತಂದುಕೊಟ್ಟ. ಕೊನೆಗೆ ಮೈಗೆ ಬೆಳ್ಳಿ, ಬಿಸಿ ತಾಗದ ನಾಲ್ಕು ಕಾಲುಗಳಿಗೆ ಸಾದಾ ಹಸಿರು ಎಂದು ರಾಜಿಯಾಯಿತು. ಬಳಿದು ನಿಲ್ಲಿಸಿದ ಮೇಲೆ ಒಲೆ ಬೆಳ್ಳಿಯ ಕೋಟು ಹಾಕಿ ಹಸಿರು ಚಲ್ಲಣ ತೊಟ್ಟವನ ಹಾಗೆ ಕಾಣುತ್ತಿತ್ತು. ನೆನಾ ಕಾಲುಗಳನ್ನಷ್ಟೇ ನೋಡಿ, ಇಷ್ಟೇ ಹಸಿರಿತ್ತು ಎಂದಳಂತೆ.

ಹೊಗೆ

ಸೋಮವಾರ ಮೊದಲ ಸಲ ಹೊತ್ತಿಸಿದೆವು. ಹುಸೇನ ಕೆಳಮನೆಯ ಬಾಗಿಲು ಹಾಕಿಕೊಂಡು ಒಲೆ ತುಂಬಿದ. ನೆನಾ ನೋಡಬಾರದೆಂದು ಬಾಗಿಲಿಗೆ ನನ್ನನ್ನು ಒರಗಿ ನಿಲ್ಲಿಸಿದ್ದ. ಬಾಯಿತುಂಬ ನೀರು, ಫುರ್, ಒಂದು ಪದರ ಹೊಟ್ಟು, ಮತ್ತೆ ಫುರ್. ನಮ್ಮಲ್ಲಿ ಇಸ್ತ್ರಿ ಮಾಡುವವರು ಬಟ್ಟೆಗೆ ಚಿಮುಕಿಸುವುದೂ ಹೀಗೆಯೇ. ಅದನ್ನು ಯಾರೂ ಉಗುಳುವುದೆನ್ನುವುದಿಲ್ಲ. ಆ ಸದ್ದು ಕೇಳಿ ನನಗೂ ಬೆಟಗೇರಿಯ ಅಂಗಡಿ ಕಣ್ಣಿಗೆ ಕಟ್ಟಿತು. ಕಲಾಯಿ ಹಾಕಿದ ತಾಮ್ರದ ಚೊಂಬು, ಕಾಕಾನ ಉಬ್ಬಿದ ಗಲ್ಲ, ಗಾಳಿಯಲ್ಲಿ ಮಂಜಿನಂತೆ ಹರಡುವ ನೀರು.

ಕಿಡಿ ಇಟ್ಟ ಸ್ವಲ್ಪ ಹೊತ್ತಿಗೆ ಹೊಗೆ ಕೊಳವೆ ಬಿಟ್ಟು ಎಲ್ಲ ಕಡೆಯಿಂದಲೂ ಬಂತು. ನೆನಾ ಮೇಲಿನಿಂದ ಕೂಗಿದಳು. ಹುಸೇನ ಹೊಸ ಬಣ್ಣ ಮೊದಲ ಸಲ ಸುಡುವಾಗ ಹೀಗೆಯೇ ಎಂದ. ಅದು ನಿಜವೂ ಹೌದು, ಬಣ್ಣದ ಘಾಟು ಮೂಗಿಗೆ ಬಡಿಯುತ್ತಿತ್ತು. ಹೀಗಾಗಿ ಬಣ್ಣದ ತಪ್ಪೆಂದು ಒಪ್ಪಿಕೊಂಡೆವು.

ಮಂಗಳವಾರ ಬಣ್ಣ ಸುಟ್ಟು ಗಟ್ಟಿಯಾಗಿತ್ತು, ಘಾಟು ಇರಲಿಲ್ಲ. ಹೊಗೆ ಮಾತ್ರ ಅಷ್ಟೇ ಇತ್ತು. ಕೆಮ್ಮುತ್ತ ಹಿತ್ತಲಿಗೆ ಓಡಿದೆವು. ಇನ್ನು ಬಣ್ಣವನ್ನು ದೂರುವಂತಿರಲಿಲ್ಲ. ನಾನು ಅಲ್ಲಿದ್ದ ಮೂಟೆಯಿಂದ ಒಂದು ಹಿಡಿ ಮರದ ಹೊಟ್ಟು ತೆಗೆದು ಹಿಂಡಿದೆ. ಉಂಡೆಯಾಯಿತು. ಹಸಿ ಮರ ಕೊಯ್ದ ಹೊಟ್ಟು, ಮೇಲೆ ಆ ಊರಿನ ಮಂಜು. ಅದು ಮೊದಲೇ ನೀರು ಕುಡಿದಿತ್ತು.

"ಹುಸೇನಾ, ನೀರು ಹೊಡಿಬ್ಯಾಡ. ನಮ್ಮ ಶೇಂಗಾ ಹೊಟ್ಟು ಗಾಳಿಗೆ ಹಾರ್ತಿತ್ತು, ಅದಕ್ಕ ನೀರು ಬೇಕಿತ್ತು. ಇದಕ್ಕ ಯಾಕ?"

"ನಮ್ಮಪ್ಪ ನೀರಿಲ್ಲದ ಒಂದು ಒಲಿ ತುಂಬಿದ್ದು ನೀ ನೋಡಿಯೇನು?"

"ಅದು ಗದಗ. ಇದು ಬೋಸ್ನಿಯಾ."

"ಒಲಿ ಅದ ಐತಲ್ಲ."

"ನಮ್ಮ ನೆನಪ ತಪ್ಪಿರಬಹುದು."

ಅವನು ನನ್ನ ಕೈಯ ಉಂಡೆ ತೆಗೆದು ಕೆಳಗಿಟ್ಟ. "ಎಲ್ಲಾದಕ್ಕೂ ಹಂಗ ಅಂತಿ ನೀ. ನಮ್ಮಪ್ಪನ ಮಣ್ಣಿಗೂ ನಾ ಹೋಗಲಿಲ್ಲ. ಅಂವನ ಕಡೆಯಿಂದ ನನ್ನ ಹತ್ರ ಉಳದಿದ್ದು ಇದೊಂದ. ಅದೂ ತಪ್ಪು ಅಂತ ನಿನ್ನ ತರ್ಕದಾಗ ಬರೀತೇನು?"

ಗುಜರಿಯವ ಮರುದಿನ ಬರುವವನಿದ್ದ. ಹುಸೇನ ಒಲೆಯನ್ನು ಬಿಟ್ಟುಕೊಡಲು ಸಿದ್ಧ, ನೀರನ್ನು ಬಿಡಲು ಸಿದ್ಧನಿರಲಿಲ್ಲ. ನಾನು ಏನಾದರೂ ಹೇಳಬೇಕಿತ್ತು. ಹೇಳಿದ್ದು ಇಷ್ಟು: "ಮಳಿಗಾಲದಾಗ ನಿಮ್ಮಪ್ಪ ನೀರು ಹೊಡೀತಿದ್ದಿಲ್ಲ. ಹೊಟ್ಟು ಮೊದಲ ಹಸೀ ಇರ್ತೈತಿ ಅಂತಿದ್ರು."

ಹುಸೇನ ನನ್ನನ್ನೇ ನೋಡಿದ. "ಖರೆ?"

"ಖರೆ."

ಅದು ನನಗೆ ನೆನಪಾದದ್ದೋ, ನಾನು ಆ ಕ್ಷಣದಲ್ಲಿ ಕಟ್ಟಿದ್ದೋ, ಹೇಳುವಾಗಲೇ ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಮಳೆಗಾಲದ ಬೆಟಗೇರಿಯನ್ನು ನೆನೆಯಲು ಬಹಳ ಪ್ರಯತ್ನಿಸಿದೆ. ಕಾಕಾನ ಅಂಗಡಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಬುಧವಾರ

ಬೆಳಿಗ್ಗೆ ಹುಸೇನ ಬಾಗಿಲು ತೆರೆದಿಟ್ಟೇ ತುಂಬಲು ಕುಳಿತ. ನೆನಾ ಮೊಣಕಾಲು ಹಿಡಿದುಕೊಂಡು ಹೊಸ್ತಿಲಲ್ಲಿ ಕುಳಿತಳು. ಅವಳ ಮುಖದಲ್ಲಿ ಗುಜರಿಯವನನ್ನು ಕಾಯುವ ತಾಳ್ಮೆ ಇತ್ತು. ಎರಡು ಪದರ ಹಾಕಿದ. ಜಡಿದ. ಮೂರನೆಯ ಪದರಕ್ಕೆ ಬರುವಾಗ ಅವನ ಕೈ ತಾನಾಗಿ ಚೊಂಬಿಗೆ ಹೋಯಿತು. ಬಾಯಿತುಂಬ ನೀರು ತುಂಬಿಕೊಂಡ ಮೇಲೆ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಗಲ್ಲ ಉಬ್ಬಿಸಿಕೊಂಡು ಹಾಗೆಯೇ ಕುಳಿತ. ನುಂಗಲಾರ, ಒಲೆಗೆ ಬಿಡಲಾರ, ಹೊಸ್ತಿಲಲ್ಲಿ ಅತ್ತೆ.

ಅಷ್ಟರಲ್ಲಿ ಲೈಲಾ ಬಂದು, ಒಳಗೇನಿದೆಯೆಂದು ಡ್ರಮ್ಮಿನ ಬಾಯಿಗೆ ತಲೆ ಇಟ್ಟಳು. ಫುರ್. ನೀರೆಲ್ಲ ಅವಳ ಮುಖದ ಮೇಲೆ. ಹುಡುಗಿ ಕಿರುಚಿ, ನಗುತ್ತ ಓಡಿ ಅಜ್ಜಿಯ ಮಡಿಲಲ್ಲಿ ಬಿದ್ದಳು. ನೆನಾ ಸೆರಗಿನಂಥ ಮುಂದಿನ ಬಟ್ಟೆಯಿಂದ ಅವಳ ಮುಖ ಒರೆಸುತ್ತ ಏನೋ ಹೇಳಿದಳು. ಹುಸೇನ ಕಿವಿಯವರೆಗೆ ಕೆಂಪಾದ.

"ಏನಂತ?"

"ಒಲಿಗೆ ಉಗುಳೂಕಿಂತ ಮಗಳಿಗೆ ಉಗುಳೂದು ಪಾಡು ಅಂತಾಳ."

ಉಳಿದ ಪದರಗಳನ್ನು ನೀರು ಮುಟ್ಟದೆ ತುಂಬಿದ ಮೇಲೆ ಒಲೆ ಹೊತ್ತಿತು. ಮೊದಲು ಒಂದು ಎಳೆ ಬಿಳಿಯ ಹೊಗೆ, ಆಮೇಲೆ ಅದೂ ಇಲ್ಲ. ತೂತಿನೊಳಗೆ ಕೆಂಪು ಬಾವಿ. ಕೆಳಮನೆ ನಿಧಾನವಾಗಿ ಬೆಚ್ಚಗಾಯಿತು. ನೆನಾ ಮೂಗೆಳೆದು ನೋಡಿದಳು, ಕೊಳವೆಯನ್ನು ಮುಟ್ಟದೆ ಅಂಗೈ ಹಿಡಿದು ನೋಡಿದಳು, ಕಾಫಿಯ ಪಾತ್ರೆ ತರಿಸಿ ಒಲೆಯ ಮೇಲೆ ತಾನೇ ಇಟ್ಟಳು.

ಮಧ್ಯಾಹ್ನ ಗುಜರಿಯವ ಕುದುರೆಗಾಡಿಯೊಂದಿಗೆ ಬಂದ. ನೆನಾ ಅವನಿಗೆ ಆ ಒಲೆಯ ಮೇಲಿನ ಕಾಫಿ ಕುಡಿಸಿ, ಒಂದು ತೂತು ಕೆಟಲು ಕೊಟ್ಟು ಕಳಿಸಿದಳು. ನಂತರ ಮೂಲೆಯಲ್ಲಿದ್ದ ಕೋಲನ್ನು ಅರಿವೆಯಿಂದ ಒರೆಸಿ, ಹುಸೇನನ ಕೋಟು ತೂಗುಹಾಕುವ ಮೊಳೆಯ ಪಕ್ಕ ಇನ್ನೊಂದು ಮೊಳೆಗೆ ಸಿಕ್ಕಿಸಿದಳು. ಹುಸೇನ ಆ ಕಡೆ ನೋಡದಂತೆ ಬೂದಿಯ ಖಾನೆಯನ್ನು ಸುಮ್ಮನೆ ಎಳೆದು ಎಳೆದು ಹಾಕುತ್ತಿದ್ದ.

ಲಕ್ಷ್ಮೇಶ್ವರ

ಊರಿಗೆ ಬಂದ ವಾರವೇ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹಿಡಿದು ಮಾಬಕ್ಕನಲ್ಲಿಗೆ ಹೋದೆ. ನೆನಾ ಕೊಟ್ಟ ತಾಮ್ರದ ಕಾಫಿ ಪಾತ್ರೆಯನ್ನು ಅವಳು ತಿರುಗಿಸಿ ಮುರುಗಿಸಿ ನೋಡಿ, ಒಗ್ಗರಣೆಗೆ ಪಾಡಾಗುತ್ತದೆ ಎಂದಳು.

"ಖಬರ ಹೇಳು ಮೊದಲ. ಕಿಮ್ಮತ್ತು ಐತೇನು?"

"ಐತಿ. ಒಲಿ ತುಂಬೂ ಕೋಲು ಅವನ ಮೊಳಿಗೆ ಬಂದೈತಿ."

"ಅಷ್ಟ?"

"ಅಷ್ಟ."

ಅವಳು "ಸಾಕು ಬಿಡು, ನನಗ ಅತ್ತಿ ಮನ್ಯಾಗ ಸೌಟು ಕೈಗೆ ಬರಾಕ ಇದಕಿಂತ ಭಾಳ ದಿನ ಹಿಡೀತು" ಎಂದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿದೆ. "ಅಕ್ಕಾ, ಕಾಕಾ ಮಳಿಗಾಲದಾಗ ಹೊಟ್ಟಿಗೆ ನೀರು ಹೊಡೀತಿದ್ದಿಲ್ಲ, ಹೌದಲ್ಲ?"

"ಮಳಿಗಾಲದಾಗ ಯಾಕ, ಯಾವಾಗರ ಯಾಕ ಹೊಡಿಬೇಕು? ಹೊಟ್ಟಿಗೆ ನೀರು ಹಾಕಿದ್ರ ಉರಿತೈತೇನೋ ಖೋಡಿ? ಒಣಾದು ತುಂಬಿ ಕಾಲಿಲೆ ತುಳಿತಿದ್ದ."

"ನಾನೂ ನೋಡೀನಿ, ಹುಸೇನನೂ ನೋಡ್ಯಾನ. ಚೊಂಬು, ಫುರ್ ಅಂತ..."

ಮಾಬಕ್ಕ ನಕ್ಕಳು. ಕೆಮ್ಮು ಬರುವವರೆಗೆ ನಕ್ಕಳು. "ಅದು ಹೊಟ್ಟಿಗಲ್ಲೋ. ನಿಮ್ಮ ಮಾರಿಗೆ. ಇಬ್ರೂ ಉರಿಯೋ ಡ್ರಮ್ಮಿಗೆ ತಲಿ ಇಟ್ಟು ಒಳಗ ಬಗ್ಗಿ ನೋಡ್ತಿದ್ರಿ. ಕೂಗಿದ್ರ ಕೇಳ್ತಿದ್ದಿಲ್ಲ, ಹೊಡಿಯಾಕ ಅಪ್ಪಗ ಮನಸ್ಸ ಬರ್ತಿದ್ದಿಲ್ಲ. ಫುರ್ ಅಂತ ನೀರು ಹೊಡದ ಓಡಸ್ತಿದ್ದ."

ನಾನು ಲೈಲಾಳ ವಿಷಯ ಇನ್ನೊಮ್ಮೆ ಹೇಳಿದೆ, ಈ ಸಲ ನಿಧಾನವಾಗಿ. ಮಾಬಕ್ಕ ನಗು ನಿಲ್ಲಿಸಿದಳು. ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಸೆರಗಿನಿಂದ ಒರೆಸತೊಡಗಿದಳು.

"ಹುಸೇನಗ ತಿಳಿಸ್ಲೇನು?" ಎಂದೆ.

"ಏನಂತ ತಿಳಸ್ತಿ? ಅಪ್ಪ ಮಾಡಿದ್ದ ಅಂವನೂ ಮಾಡ್ಯಾನಲ್ಲ."

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಶಿರಹಟ್ಟಿ ದಾಟಿದ ಮೇಲೆ ಒಣಗಾಳಿ, ಧೂಳು, ಎಲ್ಲಿಂದಲೋ ಹಾರಿಬಂದ ಹೊಟ್ಟು. ಇಮಾಮಸಾಬ ಕಾಕಾನ ಅಂಗಡಿಯನ್ನು ಮತ್ತೊಮ್ಮೆ ನೆನೆದೆ. ಈ ಸಲ ನೀರು ಡ್ರಮ್ಮಿನ ಕಡೆಗೆ ಹೋಗಲಿಲ್ಲ. ನೇರ ನನ್ನ ಮುಖಕ್ಕೆ ಬಂತು, ಗಲ್ಲದ ಮೇಲೆ ತಣ್ಣಗೆ ಇಳಿಯಿತು. ಆ ತಂಪು ಕಾಕಾನ ಚೊಂಬಿನದೋ, ಒಂದೆರಡು ಗಂಟೆಯ ಹಿಂದೆ ಮಾಬಕ್ಕ ಆಡಿದ ಮಾತಿನದೋ ನಾನು ಹೇಳಲಾರೆ. ಮುಖ ಒರೆಸಿಕೊಳ್ಳಲು ಮಾತ್ರ ಕೈ ಮೇಲೆ ಬಂದಿತ್ತು.